ರೈಲು ಹೋಗುವ ದಾರಿ, ಜನ ಹೋಗುವ ದಾರಿ

ಧಾರವಾಡದಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೊರಟರೆ ಸುಮಾರು 75 ಕಿ.ಮೀ. ಕಿತ್ತೂರು, ಎಂ.ಕೆ. ಹುಬ್ಬಳ್ಳಿ ದಾಟಿದರೆ ಮುಂದೆ ನೆಟ್ಟಗೆ ಹೆದ್ದಾರಿ. ಅದೇ ರೈಲು ಹತ್ತಿದರೆ ಸುಮಾರು 120 ಕಿ.ಮೀ. ಅಳ್ನಾವರಕ್ಕೆ ಹೋಗಿ, ಕಾಡಿನ ನಡುವಿನ ಲೋಂಡಾ ಮುಟ್ಟಿ, ಅಲ್ಲಿಂದ ಖಾನಾಪುರದ ಮೇಲೆ ಬೆಳಗಾವಿಗೆ ತಿರುಗಬೇಕು. ಈ ಎರಡು ಊರುಗಳ ನಡುವೆ ದಿನಾ ಓಡಾಡುವ ವಿದ್ಯಾರ್ಥಿಯನ್ನೋ ವಕೀಲರನ್ನೋ ಕೇಳಿ ನೋಡಿ, ‘ಬಸ್ಸೇ ಚಲೋರಿ’ ಅನ್ನುತ್ತಾರೆ.

ಹಾಗಂತ ಆ ಹಳಿ ಹಾಕಿದವರಿಗೆ ದಾರಿ ಗೊತ್ತಿರಲಿಲ್ಲ ಅಂತಲ್ಲ. 1876–78ರ ದೊಡ್ಡ ಬರದ ನಂತರ, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಭಾಗದಲ್ಲಿ ಹಳಿ ಹಾಕಿತು. ಬರ ಬಂದಾಗ ಧಾನ್ಯ ಒಳಗೆ ಬರಬೇಕು, ಬೆಳೆ ಬಂದಾಗ ಹತ್ತಿ ಹೊರಗೆ ಹೋಗಬೇಕು. ಹತ್ತಿ ಹೋಗಬೇಕಾದದ್ದು ಗೋವಾದ ಮುರ್ಮಗೋವಾ ಬಂದರಿಗೆ. ಹಾಗಾಗಿ ಹಳಿ ಸಮುದ್ರದ ಕಡೆ ನಡೆಯಿತು. ಅವರ ಲೆಕ್ಕದಲ್ಲಿ ಅದು ಸರಿಯಾದ ದಾರಿಯೇ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಹಳಿಯ ಅಗಲ ಬದಲಾಯಿತು, ದಾರಿ ಅದೇ ಉಳಿಯಿತು. ಕಿತ್ತೂರಿನ ಮೇಲೆ 73 ಕಿ.ಮೀ. ಉದ್ದದ ನೇರ ಮಾರ್ಗಕ್ಕೆ ಒಪ್ಪಿಗೆ ಸಿಗಲು 2020 ಬರಬೇಕಾಯಿತು.

ಈಗ ನಮ್ಮಲ್ಲಿ ಹೊಸ ರೈಲು ಮಾರ್ಗಗಳ ಸುದ್ದಿಗೆ ಬರವಿಲ್ಲ. ಬೆಂಗಳೂರು ಉಪನಗರ ರೈಲು, ತುಮಕೂರು–ದಾವಣಗೆರೆ ನೇರ ಮಾರ್ಗ, ಬೆಂಗಳೂರಿನ ಸುತ್ತ ವರ್ತುಲ ರೈಲು, ಹೀಗೆ. ‘ನಮ್ಮೂರಿಗೆ ರೈಲು ಯಾವಾಗ?’ ಅಂತ ಎಲ್ಲರೂ ಕೇಳುತ್ತಾರೆ. ‘ನಮ್ಮೂರಿನವರು ದಿನಾ ಎಲ್ಲಿಗೆ ಹೋಗುತ್ತಾರೆ?’ ಅನ್ನುವ ಪ್ರಶ್ನೆ ಅಷ್ಟಾಗಿ ಕೇಳಿಬರುವುದಿಲ್ಲ. ಮಾರ್ಗದ ಯೋಜನೆ ಶುರುವಾಗಬೇಕಾದದ್ದು ಈ ಎರಡನೇ ಪ್ರಶ್ನೆಯಿಂದ. ಅದಕ್ಕೆ ಉತ್ತರ ಹುಡುಕುವುದು ಹೇಗೆ ಅಂತ ನೋಡೋಣ.

ಯಾವ ರೈಲಿನ ಮಾತು ಇದು?

ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವ ಎಕ್ಸ್‌ಪ್ರೆಸ್ ಅಲ್ಲ. ಊರಿನೊಳಗೇ ಓಡುವ ಮೆಟ್ರೊನೂ ಅಲ್ಲ. ಇವೆರಡರ ನಡುವಿನದು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವವರ ರೈಲು. ಮೈಸೂರು ಕಡೆಯವರು ಇವತ್ತಿಗೂ ‘ಪುಶ್‌ಪುಲ್’ ಅನ್ನುತ್ತಾರಲ್ಲ, ಆ ಜಾತಿಯದು. ಈಗ ಹೆಚ್ಚಾಗಿ ಮೆಮು ರೈಲುಗಳು ಈ ಕೆಲಸ ಮಾಡುತ್ತವೆ. ಮೆಮು ಅಂದರೆ ಬೇರೆ ಎಂಜಿನ್ ಇಲ್ಲದ, ಬೋಗಿಗಳಲ್ಲೇ ಮೋಟಾರು ಇರುವ ವಿದ್ಯುತ್ ರೈಲು. ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಆಚೆ ತುದಿಗೆ ಜೋಡಿಸುವ ಕೆಲಸವಿಲ್ಲ. ಐದೈದು ಕಿ.ಮೀ.ಗೆ ಒಂದು ನಿಲ್ದಾಣ ಇರುವ ದಾರಿಗೆ ಇಂಥದ್ದೇ ಬೇಕು.

ರೈಲಿನಲ್ಲಿ ಇರುವವರನ್ನು ಎಣಿಸಿದರೆ ಸಾಲದು

ಹೊಸ ಮಾರ್ಗ ಬೇಕಾ ಬೇಡ್ವಾ ಅಂತ ತಿಳಿಯಲು ಮೊದಲು ಕೈಗೆ ಸಿಗುವುದು ಟಿಕೆಟ್ ಲೆಕ್ಕ. ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ಟಿಕೆಟ್, ಎಷ್ಟು ಪಾಸು ಅನ್ನುವುದು ರೈಲ್ವೆ ಹತ್ತಿರ ಇದ್ದೇ ಇದೆ. ಆದರೆ ಅದನ್ನೇ ನಂಬಿ ಹೊರಟರೆ, ಮೈ ಅಳತೆ ತೆಗೆಯದೆ ಹಳೇ ಅಂಗಿಯ ಅಳತೆಯಲ್ಲೇ ಹೊಸ ಅಂಗಿ ಹೊಲಿದ ಹಾಗಾಗುತ್ತದೆ. ಹಳೇ ಅಂಗಿ ಬಿಗಿಯಾಗಿದ್ದರೆ ಹೊಸದೂ ಬಿಗಿಯೇ.

ಧಾರವಾಡ–ಬೆಳಗಾವಿಯನ್ನೇ ತಗೊಳ್ಳಿ. ಲೋಂಡಾ ಸುತ್ತುವ ರೈಲಿನಲ್ಲಿ ಆ ಎರಡು ಊರಿನ ನಡುವೆ ಓಡಾಡುವವರು ಕಡಿಮೆ. ಅದನ್ನು ನೋಡಿ ‘ಇಲ್ಲಿ ಬೇಡಿಕೆ ಇಲ್ಲ’ ಅಂದರೆ, ಹೆದ್ದಾರಿಯಲ್ಲಿ ತುಂಬಿ ಹೋಗುವ ಬಸ್ಸುಗಳು ಲೆಕ್ಕಕ್ಕೇ ಬರಲಿಲ್ಲ ಅಂತಾಯಿತು.

ಟಿಕೆಟ್ ಇನ್ನೊಂದು ವಿಷಯವನ್ನೂ ಮುಚ್ಚಿಡುತ್ತದೆ. ಮದ್ದೂರಿನ ಒಬ್ಬರು ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ ಅಂದುಕೊಳ್ಳಿ. ಅವರ ಪಾಸಿನ ಮೇಲೆ ಮದ್ದೂರಿನಿಂದ ಬೆಂಗಳೂರು ಅಂತ ಇರುತ್ತದೆ. ಅವರು ಮೆಜೆಸ್ಟಿಕ್‌ವರೆಗೆ ಬಂದು, ಅಲ್ಲಿ ಹಸಿರು ಮೆಟ್ರೊ ಹಿಡಿದು ಪೀಣ್ಯಕ್ಕೆ ಹೋಗಬಹುದು. ಇಲ್ಲವೇ ಕೆಂಗೇರಿಯಲ್ಲೇ ಇಳಿದು ಬಸ್ಸು ಹತ್ತಬಹುದು. ಅವರಿಗೆ ಮೆಜೆಸ್ಟಿಕ್‌ನಲ್ಲಿ ಯಾವ ಕೆಲಸವೂ ಇಲ್ಲ, ಸುಮ್ನೆ ದಾಟಿ ಹೋಗುತ್ತಾರೆ ಅಷ್ಟೇ. ಆದರೆ ಪಾಸಿನ ಲೆಕ್ಕದಲ್ಲಿ ಅವರು ‘ಮೆಜೆಸ್ಟಿಕ್‌ಗೆ ಬಂದ ಪ್ರಯಾಣಿಕರು’. ಹೀಗೆ ಎಣಿಸುತ್ತಾ ಹೋದರೆ ಎಲ್ಲರೂ ಮೆಜೆಸ್ಟಿಕ್‌ಗೇ ಬರುತ್ತಾರೆ ಅನ್ನಿಸಿ, ಮತ್ತಷ್ಟು ರೈಲು ಮೆಜೆಸ್ಟಿಕ್‌ಗೇ ಬರುತ್ತದೆ.

ಎಲ್ಲಿಂದ ಎಲ್ಲಿಗೆ ಅನ್ನುವ ಪಟ್ಟಿ

ಯೋಜನೆ ಮಾಡುವವರು ಇದಕ್ಕೆ ಒಂದು ಪಟ್ಟಿ ತಯಾರಿಸುತ್ತಾರೆ. ಮೊದಲು ಇಡೀ ಪ್ರದೇಶವನ್ನು ಸಣ್ಣ ಸಣ್ಣ ವಲಯಗಳಾಗಿ ಹಂಚುತ್ತಾರೆ. ನಗರದಲ್ಲಾದರೆ ಒಂದೊಂದು ವಾರ್ಡು, ಹೊರಗೆ ಒಂದೊಂದು ಹೋಬಳಿ ಇರಬಹುದು. ಅವನ್ನು ಪಟ್ಟಿಯ ಎಡಕ್ಕೆ ಸಾಲಾಗಿ ಬರೆದು, ಮೇಲೂ ಅವನ್ನೇ ಬರೆಯುತ್ತಾರೆ. ಪಟ್ಟಿಯ ಪ್ರತಿ ಚೌಕದಲ್ಲೂ ಒಂದು ಸಂಖ್ಯೆ: ಈ ವಲಯದಿಂದ ಆ ವಲಯಕ್ಕೆ ದಿನಕ್ಕೆ ಎಷ್ಟು ಜನ ಹೋಗುತ್ತಾರೆ. ಯಾವ ವಾಹನದಲ್ಲಿ ಅನ್ನುವುದು ಆಮೇಲಿನ ಮಾತು.

ಈ ಸಂಖ್ಯೆ ಎಲ್ಲಿಂದ ಬರುತ್ತದೆ? ಮನೆ ಮನೆಗೆ ಹೋಗಿ ‘ನಿನ್ನೆ ಎಲ್ಲೆಲ್ಲಿಗೆ ಹೋಗಿದ್ರಿ’ ಅಂತ ಕೇಳುವುದು ಹಳೇ ದಾರಿ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಕೇಳುವುದೂ ಉಂಟು. ಈಗ ಬಸ್ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರವೇ ಹತ್ತಿದ ಸ್ಟೇಜು, ಇಳಿಯುವ ಸ್ಟೇಜು ಎರಡನ್ನೂ ಬರೆದಿಡುತ್ತದೆ. ಟೋಲ್‌ಗೇಟಿನ ಫಾಸ್ಟ್ಯಾಗ್ ಇದೆ. ಹೆಸರು ತೆಗೆದ ಮೊಬೈಲ್ ಟವರ್ ಮಾಹಿತಿ ಸಿಕ್ಕರೆ ಬೆಳಿಗ್ಗೆ ಯಾವ ಕಡೆಯಿಂದ ಯಾವ ಕಡೆಗೆ ಜನ ಸರಿಯುತ್ತಾರೆ ಅನ್ನುವುದೂ ಕಾಣುತ್ತದೆ. ಒಂದೊಂದರಲ್ಲೂ ಒಂದೊಂದು ಕುಂದು ಇದೆ, ಹಾಗಾಗಿ ಒಂದರ ಜೊತೆ ಇನ್ನೊಂದನ್ನು ಇಟ್ಟು ತಾಳೆ ನೋಡುತ್ತಾರೆ.

ಎಲ್ಲ ಜೋಡಿಗಳಿಗೂ ಲೆಕ್ಕ ಸಿಗುವುದಿಲ್ಲ. ಸಿಗದ ಕಡೆ ಅಂದಾಜು ಕಟ್ಟಲು ಬಳಸುವುದು ‘ಗುರುತ್ವ ಮಾದರಿ’. ಹೆಸರು ದೊಡ್ಡದು, ವಿಷಯ ಸಣ್ಣದು. ಊರು ದೊಡ್ಡದಾದಷ್ಟೂ ಜನರನ್ನು ಜಾಸ್ತಿ ಎಳೆಯುತ್ತದೆ, ದೂರವಾದಷ್ಟೂ ಎಳೆತ ಕಡಿಮೆಯಾಗುತ್ತದೆ. ಆದರೆ ಒಂದು ದೊಡ್ಡ ಆಸ್ಪತ್ರೆ, ಒಂದು ವಿಶ್ವವಿದ್ಯಾಲಯ, ಒಂದು ಜಿಲ್ಲಾ ಕೋರ್ಟು ಈ ಲೆಕ್ಕವನ್ನು ತಲೆಕೆಳಗು ಮಾಡಿಬಿಡಬಲ್ಲವು. ಮಣಿಪಾಲದ ಜನಸಂಖ್ಯೆ ನೋಡಿ ಅಲ್ಲಿಗೆ ಎಷ್ಟು ಜನ ಬರುತ್ತಾರೆ ಅಂತ ಹೇಳಲು ಆಗುತ್ತಾ?

ಪಟ್ಟಿಗೆ ಸಿಗದವರೂ ಇದ್ದಾರೆ. ಹೋಗಬೇಕು ಅಂತಿದ್ದರೂ ದುಡ್ಡಿಲ್ಲದೆ, ಬಸ್ಸಿಲ್ಲದೆ ಮನೆಯಲ್ಲೇ ಉಳಿದವರು. ‘ನಿನ್ನೆ ಎಲ್ಲಿಗೆ ಹೋಗಿದ್ರಿ’ ಅಂದರೆ ‘ಎಲ್ಲಿಗೂ ಇಲ್ಲ’ ಅನ್ನುತ್ತಾರೆ. ಇಂಥ ಅಡಗಿದ ಬೇಡಿಕೆ ಎಷ್ಟಿರಬಹುದು ಅನ್ನುವುದು ಕರ್ನಾಟಕಕ್ಕೆ 2023ರಲ್ಲಿ ಕಣ್ಣಿಗೆ ಕಟ್ಟಿತು. ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಬಸ್ಸುಗಳು ತುಂಬಿದವು. ಆ ಜನ ಹೊಸದಾಗಿ ಹುಟ್ಟಿ ಬಂದವರಲ್ಲ. ಅದಕ್ಕಿಂತ ಹಿಂದಿನ ಯಾವ ಟಿಕೆಟ್ ಲೆಕ್ಕದಲ್ಲೂ ಆ ಪ್ರಯಾಣಗಳು ಇರಲಿಲ್ಲ, ಅಷ್ಟೇ. ಶೂನ್ಯ ಟಿಕೆಟ್ ಆದರೂ ಯಂತ್ರದಿಂದಲೇ ಬರುವುದರಿಂದ ಈಗ ಅವೂ ದಾಖಲಾಗುತ್ತಿವೆ. ರೈಲು ಮಾರ್ಗ ಯೋಜಿಸುವವರಿಗೆ ಇದಕ್ಕಿಂತ ಒಳ್ಳೆಯ ಮಾಹಿತಿ ಸುಲಭಕ್ಕೆ ಸಿಗದು.

ಹುಬ್ಬಳ್ಳಿ–ಧಾರವಾಡದಲ್ಲಿ ರೈಲು ಸೋತದ್ದು ಯಾಕೆ?

ಹುಬ್ಬಳ್ಳಿ, ಧಾರವಾಡದ ನಡುವೆ ಸುಮಾರು 20 ಕಿ.ಮೀ. ರೈಲು ಹಳಿ ಇದೆ. ಬಸ್ಸೂ ಇದೆ. ರೈಲಿನ ದಾರಿ ಇಲ್ಲಿ ಸುತ್ತೇನೂ ಅಲ್ಲ. ಆದರೂ ಜನ ತುಂಬುವುದು ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸಿನಲ್ಲಿ. ಆ ಬಸ್ಸು ನಿಲ್ಲುವ ಜಾಗಗಳನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ: ಕಿಮ್ಸ್ ಆಸ್ಪತ್ರೆ, ವಿದ್ಯಾನಗರ, ಉಣಕಲ್, ನವನಗರ, ರಾಯಾಪುರ. ಕಾಲೇಜು, ಆಸ್ಪತ್ರೆ, ಕಚೇರಿ, ಬಡಾವಣೆ ಎಲ್ಲ ರಸ್ತೆಗೆ ಅಂಟಿಕೊಂಡೇ ಬೆಳೆದಿವೆ. ‘ಹುಬ್ಬಳ್ಳಿಯಿಂದ ಧಾರವಾಡಕ್ಕೆ’ ಅನ್ನುವ ಪ್ರಯಾಣ ಎಷ್ಟೋ ಸಲ ‘ಉಣಕಲ್‌ನಿಂದ ರಾಯಾಪುರಕ್ಕೆ’ ಆಗಿರುತ್ತದೆ.

ಎರಡು ಊರುಗಳನ್ನು ನಕ್ಷೆಯ ಮೇಲೆ ಎರಡು ಚುಕ್ಕೆ ಮಾಡಿ ಗೆರೆ ಎಳೆದರೆ ಇದು ಕಾಣುವುದಿಲ್ಲ. ಊರು ಅಂದರೆ ಚುಕ್ಕೆ ಅಲ್ಲ, ಹರಡಿಕೊಂಡ ಜಾಗ. ಹಾಗಾಗಿ ನಿಲ್ದಾಣ ಯಾವ ಜಾಗದಲ್ಲಿ ಬರುತ್ತದೆ ಅನ್ನುವುದು ಮಾರ್ಗದಷ್ಟೇ ಮುಖ್ಯ. ಹಳಿ ಎಳೆಯಲು ಅಗ್ಗ ಅಂತ ಊರಿನಿಂದ ನಾಲ್ಕು ಕಿ.ಮೀ. ಆಚೆ ನಿಲ್ದಾಣ ಕಟ್ಟಿದರೆ, ಆ ನಾಲ್ಕು ಕಿ.ಮೀ.ಗೆ ಆಟೋದವರು ಕೇಳುವ ದುಡ್ಡೇ ರೈಲಿನ ಟಿಕೆಟ್‌ಗಿಂತ ಜಾಸ್ತಿ ಆಗುವುದು ನಮಗೆಲ್ಲ ಗೊತ್ತಿರುವ ಸಂಗತಿ.

ಸಮಯ ಎಣಿಸಬೇಕಾದದ್ದು ಮನೆ ಬಾಗಿಲಿನಿಂದ

ರೈಲಿನ ಪ್ರಚಾರದಲ್ಲಿ ಹೇಳುವುದು ನಿಲ್ದಾಣದಿಂದ ನಿಲ್ದಾಣಕ್ಕೆ ಹಿಡಿಯುವ ಸಮಯ. ಪ್ರಯಾಣಿಕರು ಲೆಕ್ಕ ಹಾಕುವುದು ಮನೆಯಿಂದ ಕೆಲಸದ ಜಾಗದವರೆಗೆ. ಅದರಲ್ಲೂ ಕಾಯುವ ಸಮಯ ಎಲ್ಲರಿಗೂ ಉದ್ದ ಅನ್ನಿಸುತ್ತದೆ. ಸಾರಿಗೆ ಲೆಕ್ಕದಲ್ಲಿ ನಿಂತು ಕಾಯುವ ಒಂದು ನಿಮಿಷವನ್ನು ಕೂತು ಸಾಗುವ ಸುಮಾರು ಎರಡು ನಿಮಿಷಕ್ಕೆ ಸಮ ಅಂತ ಹಿಡಿಯುವುದು ವಾಡಿಕೆ.

ಒಂದು ಸಣ್ಣ ಲೆಕ್ಕ ಮಾಡೋಣ. ಬಸ್ಸಿಗೆ 90 ನಿಮಿಷ, ರೈಲಿಗೆ 60 ನಿಮಿಷ. ಬಸ್ಸು ಹತ್ತು ನಿಮಿಷಕ್ಕೊಂದು. ಸರಾಸರಿ ಐದು ನಿಮಿಷ ಕಾಯಬೇಕು, ಅದರ ಎರಡರಷ್ಟು 10. ಒಟ್ಟು 100. ರೈಲು ಗಂಟೆಗೊಂದು. ಸರಾಸರಿ 30 ನಿಮಿಷ ಕಾಯಬೇಕು, ಎರಡರಷ್ಟು ಅಂದರೆ 60. ಒಟ್ಟು 120. ಬಸ್ಸು ಗೆದ್ದಿತು! ಈಗ ಅದೇ ಹಳಿಯಲ್ಲಿ ಅದೇ ರೈಲನ್ನು 20 ನಿಮಿಷಕ್ಕೊಂದು ಬಿಡಿ. ಕಾಯುವುದು 10, ಎರಡರಷ್ಟು 20, ಒಟ್ಟು 80. ವೇಗ ಒಂದಿಷ್ಟೂ ಹೆಚ್ಚಲಿಲ್ಲ, ಆದರೂ ರೈಲು ಮುಂದೆ ಬಂತು. ಟೈಮ್ ನೋಡಿಕೊಂಡು ಬರುವವರು ಪ್ಲಾಟ್‌ಫಾರ್ಮಿನಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲ, ನಿಜ. ಆದರೆ ಕಚೇರಿ 5.30ಕ್ಕೆ ಬಿಟ್ಟು ರೈಲು 6.20ಕ್ಕೆ ಇದ್ದರೆ, ಕಾಯುವಿಕೆ ಬೇರೆ ಎಲ್ಲೋ ನಡೆದಿರುತ್ತದೆ.

ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣದ ಹಾಲ್ಟ್ 2021ರ ಜನವರಿಯಲ್ಲಿ ಶುರುವಾದಾಗ ಎಲ್ಲರಿಗೂ ಖುಷಿಯಾಗಿತ್ತು. ಮೆಜೆಸ್ಟಿಕ್‌ನಿಂದ 10–15 ರೂಪಾಯಿಗೆ ಏರ್‌ಪೋರ್ಟ್! ಅದಕ್ಕಿಂತ ಅಗ್ಗ ಇನ್ನೇನಿದೆ. ಆದರೆ ರೈಲು ದಿನಕ್ಕೆ ಬೆರಳೆಣಿಕೆಯಷ್ಟು. ವಿಮಾನಗಳು ಹಗಲು ರಾತ್ರಿ ಹಾರುತ್ತವೆ. ಹಾಲ್ಟ್‌ನಲ್ಲಿ ಇಳಿದ ಮೇಲೆ ಟರ್ಮಿನಲ್‌ಗೆ ಇನ್ನೊಂದು ಬಸ್ಸು. ವಿಮಾನ ತಪ್ಪಿದರೆ ಆಗುವ ನಷ್ಟದ ಮುಂದೆ ಟಿಕೆಟ್ ಅಗ್ಗ ಅನ್ನುವುದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ.

ದಾರಿಯಲ್ಲಿ ಒಂದು ಸಣ್ಣ ತುಂಡು ಬಿಟ್ಟುಹೋದರೂ ಇದೇ ಗತಿ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ ಓಡಲು ಶುರುವಾಯಿತು. ಆದರೆ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಸುಮಾರು ಎರಡು ಕಿ.ಮೀ. ಬಾಕಿ ಇತ್ತು. ಇಳಿದು, ಫೀಡರ್ ಬಸ್ಸು ಹತ್ತಿ, ಮತ್ತೆ ಮೆಟ್ರೊ ಏರಬೇಕು. ಆ ತುಂಡು ಸೇರಿದ್ದು ಅದೇ ವರ್ಷದ ಅಕ್ಟೋಬರ್ 9ರಂದು. ವೈಟ್‌ಫೀಲ್ಡ್ ಕಡೆಯ ಬೋಗಿಗಳು ನಿಜವಾಗಿ ತುಂಬತೊಡಗಿದ್ದು ಆಮೇಲೆ.

ಊರಿಗೆ ಬಂದು ನಿಲ್ಲಬೇಕೋ, ಊರು ದಾಟಿ ಹೋಗಬೇಕೋ?

ಹಳೇ ಕಾಲದ ರೈಲುಗಳು ಊರಿಗೆ ಬಂದು ನಿಲ್ಲುತ್ತಿದ್ದವು. ಪ್ರಯಾಣಿಕರು ಬಂದದ್ದು ಊರಿಗೆ ತಾನೆ? ಈಗ ಊರೇ 40 ಕಿ.ಮೀ. ಅಗಲ ಆಗಿದೆ. ಪಶ್ಚಿಮದಿಂದ ಬಂದವರಲ್ಲಿ ಎಷ್ಟೋ ಜನರಿಗೆ ಕೆಲಸ ಇರುವುದು ಪೂರ್ವದಲ್ಲಿ.

ಜರ್ಮನಿಯ ಮ್ಯೂನಿಕ್‌ನಲ್ಲಿ ಇದಕ್ಕೆ ಕಂಡುಕೊಂಡ ದಾರಿ ಪ್ರಸಿದ್ಧ. ಊರಿನ ಪಶ್ಚಿಮಕ್ಕೆ ಮುಖ್ಯ ನಿಲ್ದಾಣ, ಪೂರ್ವಕ್ಕೆ ಇನ್ನೊಂದು. 1972ರ ಒಲಿಂಪಿಕ್ಸ್ ಹೊತ್ತಿಗೆ ಊರಿನ ಕೆಳಗೆ ಸುರಂಗ ತೋಡಿ ಎರಡನ್ನೂ ಸೇರಿಸಿದರು. ಪಶ್ಚಿಮದ ಹಳ್ಳಿಯಿಂದ ಬಂದ ರೈಲು ಊರಿನ ನಡುವೆ ನಾಲ್ಕೈದು ಕಡೆ ನಿಂತು ಪೂರ್ವದ ಹಳ್ಳಿಗೆ ಹೊರಟುಹೋಗುತ್ತದೆ. ಬದಲಾಯಿಸುವ ರಗಳೆ ಇಲ್ಲ. ಇದರ ತೊಂದರೆಯೂ ಅಷ್ಟೇ ಪ್ರಸಿದ್ಧ: ಬಹುತೇಕ ಎಲ್ಲ ಮಾರ್ಗಗಳೂ ಒಂದೇ ಸುರಂಗದಲ್ಲಿ ಹಾಯುವುದರಿಂದ ಅಲ್ಲೊಂದು ರೈಲು ಕೆಟ್ಟು ನಿಂತರೆ ಇಡೀ ವ್ಯವಸ್ಥೆ ಕೆಡುತ್ತದೆ. ಈಗ ಎರಡನೇ ಸುರಂಗ ತೋಡುತ್ತಿದ್ದಾರೆ.

ಬೆಂಗಳೂರು ಉಪನಗರ ರೈಲಿನ ನಕ್ಷೆಯಲ್ಲೂ ಇದೇ ಯೋಚನೆ ಕಾಣುತ್ತದೆ. ಕೇಂದ್ರ ಸಂಪುಟ 2020ರ ಅಕ್ಟೋಬರ್‌ನಲ್ಲಿ ಒಪ್ಪಿದ ಈ ಯೋಜನೆ ಸುಮಾರು 148 ಕಿ.ಮೀ., ಅಂದಾಜು 15,767 ಕೋಟಿ ರೂಪಾಯಿ. ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರು. ಸಂಪಿಗೆ ಮೆಜೆಸ್ಟಿಕ್‌ನಿಂದ ದೇವನಹಳ್ಳಿ ಕಡೆಗೆ. ಮಲ್ಲಿಗೆ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ. ಪಾರಿಜಾತ ಕೆಂಗೇರಿಯಿಂದ ಕಂಟೋನ್ಮೆಂಟ್ ದಾಟಿ ವೈಟ್‌ಫೀಲ್ಡ್‌ಗೆ. ಕನಕ ಹೀಲಲಿಗೆಯಿಂದ ರಾಜಾನುಕುಂಟೆಗೆ. ನಾಲ್ಕರಲ್ಲಿ ಸಂಪಿಗೆ ಒಂದೇ ಮೆಜೆಸ್ಟಿಕ್‌ನಲ್ಲಿ ಮುಗಿಯುವುದು. ಉಳಿದವು ಊರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ಕೆಂಗೇರಿಯಲ್ಲಿ ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುವವರಿಗೆ ಪಾರಿಜಾತ ಹೇಳಿ ಮಾಡಿಸಿದಂತಿದೆ.

ಆದರೆ ಈ ಮಾರ್ಗಗಳು ಬಹುಪಾಲು ಈಗಿರುವ ಹಳಿಯ ಪಕ್ಕದಲ್ಲೇ ಸಾಗುತ್ತವೆ. ಬೆಂಗಳೂರಿನಲ್ಲಿ ಹೊಸದಾಗಿ ಜಾಗ ಬಿಡಿಸಿಕೊಳ್ಳುವುದು ಯಾರಿಂದಲೂ ಆಗುವ ಮಾತಲ್ಲ, ರೈಲ್ವೆ ಜಾಗ ಇದ್ದಲ್ಲೇ ಹೋಗಬೇಕು. ಹಾಗಾಗಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಹೊರ ವರ್ತುಲ ರಸ್ತೆಯ ಐಟಿ ಕಂಪನಿಗಳ ಸಾಲಿಗೆ ಇದು ನೇರವಾಗಿ ಮುಟ್ಟುವುದಿಲ್ಲ. ಅಲ್ಲಿಗೆ ಮೆಟ್ರೊನೇ ಗತಿ. ಎರಡೂ ಎಲ್ಲಿ ಕೂಡುತ್ತವೆ, ಕೂಡುವಲ್ಲಿ ಎಷ್ಟು ಮೆಟ್ಟಿಲು ಹತ್ತಿಳಿಯಬೇಕು ಅನ್ನುವುದರ ಮೇಲೆ ಉಪನಗರ ರೈಲಿನ ಹಣೆಬರಹ ನಿಂತಿದೆ ಅಂತ ನನ್ನ ಅನಿಸಿಕೆ.

ವೇಳಾಪಟ್ಟಿ ಮೊದಲು, ಹಳಿ ಆಮೇಲೆ

ನಮ್ಮಲ್ಲಿ ಹಳಿ ಹಾಕಿ, ಆಮೇಲೆ ಯಾವ ರೈಲು ಬಿಡಬಹುದು ಅಂತ ಯೋಚಿಸುತ್ತಾರೆ. ಸ್ವಿಟ್ಜರ್ಲೆಂಡ್‌ನವರು ತಿರುಗಿಸಿ ಯೋಚಿಸಿದರು. ಅಲ್ಲಿನ ದೊಡ್ಡ ಜಂಕ್ಷನ್‌ಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಗಂಟೆ ಹೊಡೆಯುವ ಸ್ವಲ್ಪ ಮೊದಲು ಬಂದು, ಸ್ವಲ್ಪ ನಂತರ ಹೊರಡಬೇಕು. ಆಗ ಯಾರು ಯಾವ ಕಡೆಯಿಂದ ಬಂದರೂ ಕೆಲವೇ ನಿಮಿಷದಲ್ಲಿ ಇನ್ನೊಂದು ಕಡೆಯ ರೈಲು ಸಿಗುತ್ತದೆ. ಇದಾಗಬೇಕಾದರೆ ಎರಡು ಜಂಕ್ಷನ್‌ಗಳ ನಡುವಿನ ಓಟ ಒಂದು ಗಂಟೆಗಿಂತ ಚೂರು ಕಡಿಮೆ ಇರಬೇಕು. ಜ್ಯೂರಿಕ್–ಬರ್ನ್ ನಡುವೆ ಒಂದು ಗಂಟೆ ಮೀರುತ್ತಿತ್ತು. 1987ರಲ್ಲಿ ಜನಮತ ತೆಗೆದುಕೊಂಡು, ಸುಮಾರು 45 ಕಿ.ಮೀ. ಹೊಸ ಹಳಿ ಹಾಕಿ, 2004ರ ಕೊನೆಗೆ ಅದನ್ನು ಗಂಟೆಯೊಳಗೆ ತಂದರು. ಅದಕ್ಕಿಂತ ವೇಗ ಬೇಕಿರಲಿಲ್ಲ. ಬೇಗ ಬಂದು ಸುಮ್ನೆ ನಿಂತಿದ್ದರೆ ಯಾರಿಗೆ ಲಾಭ?

ನಮ್ಮ ಬೀರೂರನ್ನೇ ನೋಡಿ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಶಿವಮೊಗ್ಗದ ಕವಲು ಅಲ್ಲಿ ಒಡೆಯುತ್ತದೆ. ದಾವಣಗೆರೆ ಕಡೆಯಿಂದ ಬಂದವರಿಗೆ ಹತ್ತು ನಿಮಿಷದಲ್ಲಿ ಶಿವಮೊಗ್ಗದ ರೈಲು ಸಿಕ್ಕರೆ ಅದು ಒಂದು ಮಾರ್ಗ. ಮೂರು ಗಂಟೆ ಕಾಯಬೇಕಾದರೆ, ಹಳಿ ಇದ್ದೂ ಮಾರ್ಗ ಇಲ್ಲ.

ಹಾಗಾದರೆ ಜನ ಹೋಗುವ ಕಡೆಗೇ ಹಳಿ ಹಾಕಿದರೆ ಆಯ್ತಲ್ವಾ?

ಅಷ್ಟು ಸಲೀಸಲ್ಲ. ರೈಲಿಗೆ ಏರು ಆಗಿಬರುವುದಿಲ್ಲ, ತಿರುವೂ ದೊಡ್ಡದಿರಬೇಕು. ಬಸ್ಸು ಹತ್ತುವ ಘಟ್ಟವನ್ನು ರೈಲು ಸುತ್ತಿಯೇ ಏರಬೇಕು. ಜಾಗಕ್ಕೆ ಹೊಲ ಬೇಕು, ಹೊಲದ ಹಿಂದೆ ರೈತ ಇದ್ದಾನೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ ಮಂಜೂರಾದದ್ದು 2011–12ರ ಸುಮಾರಿಗೆ. ಅರಸೀಕೆರೆ, ಬೀರೂರಿನ ಸುತ್ತು ತಪ್ಪಿಸಿ 60 ಕಿ.ಮೀ.ಗೂ ಹೆಚ್ಚು ಉಳಿಸುವ ದಾರಿ ಅದು. ಹೆದ್ದಾರಿಯ ಬಸ್ಸುಗಳು ಎಂದಿನಿಂದಲೂ ಹೋಗುತ್ತಿರುವುದು ಅದೇ ದಿಕ್ಕಿನಲ್ಲಿ. ಆದರೂ ಜಮೀನು ಕೈಗೆ ಬರುವುದರಲ್ಲೇ ವರ್ಷಗಳು ಕಳೆದವು.

ಇನ್ನೊಂದು ತೊಡಕು ಇದಕ್ಕಿಂತ ಸ್ವಾರಸ್ಯದ್ದು. ಜನ ಇವತ್ತು ಹೋಗುವ ಕಡೆ ನಾಳೆಯೂ ಹೋಗುತ್ತಾರೆ ಅಂತೇನಿಲ್ಲ. ಹಳಿಯೇ ಜನರ ದಾರಿಯನ್ನು ಬದಲಿಸುತ್ತದೆ. ಕೆಜಿಎಫ್‌ನ ಮಾರಿಕುಪ್ಪಂಗೆ ಹತ್ತೊಂಬತ್ತನೇ ಶತಮಾನದ ಕೊನೆಗೆ ಹಳಿ ಬಂದದ್ದು ಚಿನ್ನದ ಗಣಿಗಾಗಿ. ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವವರು ಅಂತ ಆಗ ಯಾರ ತಲೆಯಲ್ಲೂ ಇರಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಊರಿನಲ್ಲಿ ಕೆಲಸ ಹೋಯಿತು, ರೈಲು ಉಳಿಯಿತು. ಈಗ ಬೆಳಗಿನ ಜಾವದಿಂದಲೇ ಮಾರಿಕುಪ್ಪಂನಲ್ಲಿ, ಬಂಗಾರಪೇಟೆಯಲ್ಲಿ ಜನ ಬೆಂಗಳೂರಿನ ರೈಲಿಗೆ ಮುಗಿಬೀಳುತ್ತಾರೆ. ಹೋಗಿ ಬರುವುದಕ್ಕೇ ನಾಲ್ಕು ಗಂಟೆಯಷ್ಟು ಹೋಗುತ್ತದೆ. ಆದರೂ ಊರು ಬಿಡದೆ ಬದುಕಲು ಎಷ್ಟೋ ಮನೆಗಳಿಗೆ ಅದೊಂದೇ ದಾರಿ. 2000ದಲ್ಲಿ ಅಲ್ಲಿ ಸಮೀಕ್ಷೆ ಮಾಡಿದ್ದರೆ ಈ ಜನ ಯಾವ ಪಟ್ಟಿಯಲ್ಲೂ ಸಿಗುತ್ತಿರಲಿಲ್ಲ. ಅದಕ್ಕೇ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅದರ ಪಕ್ಕದಲ್ಲಿ ಇನ್ನೊಂದು ಅಂದಾಜು ಬೇಕು: ಈ ಹಳಿ ಬಂದರೆ ಯಾರು ಎಲ್ಲಿ ಮನೆ ಮಾಡುತ್ತಾರೆ, ಎಲ್ಲಿ ಕೆಲಸ ಹುಡುಕುತ್ತಾರೆ?

ನಿಮ್ಮೂರ ಮಾರ್ಗದ ಸುದ್ದಿ ಬಂದಾಗ

ಸುದ್ದಿಯಲ್ಲಿ ‘ಸಮೀಕ್ಷೆಗೆ ಒಪ್ಪಿಗೆ’ ಅಂತಿದ್ದರೆ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದೆ ಅಂತಲ್ಲ. ಸಮೀಕ್ಷೆ ಆಗಿ ವಿವರವಾದ ಯೋಜನಾ ವರದಿ ಬರಬೇಕು. ಅದನ್ನೇ ಡಿಪಿಆರ್ ಅನ್ನುವುದು. ಅದರಲ್ಲಿ ಪ್ರಯಾಣಿಕರ ಅಂದಾಜು ಅನ್ನುವ ಭಾಗ ಇದ್ದೇ ಇರುತ್ತದೆ. ನೋಡಬೇಕಾದದ್ದು ಆ ಸಂಖ್ಯೆ ಎಷ್ಟು ದೊಡ್ಡದು ಅನ್ನುವುದನ್ನಲ್ಲ, ಯಾರನ್ನು ಎಣಿಸಿ ಅದನ್ನು ಕಟ್ಟಿದ್ದಾರೆ ಅನ್ನುವುದನ್ನು. ಬರೀ ರೈಲಿನವರನ್ನೋ, ಬಸ್ಸು ಬೈಕಿನವರನ್ನೂ ಸೇರಿಸಿಯೋ? ದಿನಕ್ಕೆ ಎಷ್ಟು ರೈಲು ಓಡುತ್ತದೆ ಅಂತ ಹಿಡಿದು ಆ ಸಂಖ್ಯೆ ಬಂದಿದೆ? ಹತ್ತು ರೈಲು ಓಡಿಸುವ ಲೆಕ್ಕ ತೋರಿಸಿ ಕೊನೆಗೆ ಎರಡು ಓಡಿಸಿದರೆ ಅಂದಾಜು ಹೇಗೆ ನಿಜವಾಗುತ್ತದೆ?

ಪ್ರತಿ ವರ್ಷ ಕೇಂದ್ರ ಬಜೆಟ್ ಆದ ಮೇಲೆ ರೈಲ್ವೆಯ ‘ಪಿಂಕ್ ಬುಕ್’ ಹೊರಬರುತ್ತದೆ. ಯಾವ ವಲಯದ ಯಾವ ಕಾಮಗಾರಿಗೆ ಎಷ್ಟು ದುಡ್ಡು ಅನ್ನುವುದು ಅದರಲ್ಲಿ ಸಾಲು ಸಾಲಾಗಿ ಇರುತ್ತದೆ. ಹುಡುಕಿದರೆ ಅಂತರ್ಜಾಲದಲ್ಲೇ ಸಿಗುತ್ತದೆ. ನಮ್ಮ ರಾಜ್ಯದ ಬಹುಪಾಲು ಮಾರ್ಗಗಳು ನೈಋತ್ಯ ರೈಲ್ವೆಯ ಪಟ್ಟಿಯಲ್ಲಿವೆ. ನಿಮ್ಮ ಮಾರ್ಗದ ಹೆಸರಿನ ಮುಂದೆ ಕೋಟಿಗಳ ಲೆಕ್ಕ ಇದ್ದರೆ ಆ ವರ್ಷ ಏನಾದರೂ ಕೆಲಸ ನಡೆಯಬಹುದು. ಒಂದು ಸಾವಿರ ರೂಪಾಯಿ ಅಂತ ಬರೆದಿದ್ದರೆ, ಹೆಸರು ಪಟ್ಟಿಯಿಂದ ಬಿದ್ದುಹೋಗದಿರಲಿ ಅಂತ ಇಟ್ಟ ಹಣ ಅದು.